ಭೋಸರಿಯ ನಮ್ಮ ಕಾರ್ಖಾನೆಯಲ್ಲಿ ಸೋರುವ ಗಾಳಿ ನಿಲ್ಲಿಸಿದ್ದು

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಘಟಕದಲ್ಲಿ ನಾನು ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಊರು ಧಾರವಾಡದ ಕಡೆ. ಇಲ್ಲಿ ಕಲಬುರಗಿ, ವಿಜಯಪುರದ ಹುಡುಗರು ಬೇಕಾದಷ್ಟು ಜನ ಇದ್ದಾರೆ, ಹಾಗಾಗಿ ದಿನದ ಅರ್ಧ ಮಾತು ಕನ್ನಡದಲ್ಲೇ ನಡೆಯುತ್ತದೆ. ಇಂಧನ ಉಳಿಸಿ ಅನ್ನುವ ಬೋರ್ಡು ಎಲ್ಲ ಕಾರ್ಖಾನೆಯಲ್ಲೂ ಇರುತ್ತದೆ. ಅದನ್ನು ನಿಜವಾಗಿ ಹೇಗೆ ಮಾಡೋದು, ಅದರಿಂದ ದೇಶಕ್ಕೆ ಏನು ಸಿಗುತ್ತದೆ ಅನ್ನುವುದು ನನಗೆ ತಿಳಿದದ್ದು ಒತ್ತಡದ ಗಾಳಿ ತಯಾರಾಗುವ ನಮ್ಮ ಕಂಪ್ರೆಸರ್ ರೂಮಿನಲ್ಲಿ.

ನಮ್ಮ ಮಷೀನುಗಳಲ್ಲಿ ಕ್ಲ್ಯಾಂಪ್ ಹಿಡಿಯುವುದು, ಬಾಗಿಲು ತೆರೆಯುವುದು, ಲೋಹದ ಚೂರು (ಚಿಪ್ಸ್) ಊದುವುದು ಎಲ್ಲ ಒತ್ತಡದ ಗಾಳಿಯಿಂದ. ಅದಕ್ಕಾಗಿ 50 ಎಚ್‌ಪಿಯ, ಅಂದರೆ 37 ಕಿಲೋವಾಟಿನ ಒಂದು ಸ್ಕ್ರೂ ಕಂಪ್ರೆಸರ್ ಮೂರೂ ಶಿಫ್ಟ್ ಓಡುತ್ತದೆ. ಲೈನಿನಲ್ಲಿ ಎಲ್ಲಿ ನಿಂತರೂ ಸುಸ್ಸ್ ಅನ್ನುವ ಸದ್ದು. ಅದರ ಬಗ್ಗೆ ಒಬ್ಬ ಆಪರೇಟರನ್ನು ಕೇಳಿದಾಗ, "ಗಾಳಿ ಅದರೀ ಸಾಹೇಬ್ರ, ಹೋದ್ರ ಹೋಗ್ಲಿ, ಅದಕ್ಕೇನು ರೊಕ್ಕ ಕೊಡ್ತೀವೇನ್ರೀ?" ಅಂದ. ಅವನದೇನೂ ತಪ್ಪಿಲ್ಲ. ಗಾಳಿಗೆ ಬೆಲೆ ಇದೆ ಅಂತ ಅವನಿಗೆ ಯಾರೂ ಲೆಕ್ಕ ಮಾಡಿ ತೋರಿಸಿರಲಿಲ್ಲ.

ಲೆಕ್ಕ ಮಾಡುವ ವಿಧಾನ ಸುಲಭ. ಇಂಧನ ಆಡಿಟರ್‌ಗಳು ಬಳಸುವುದೂ ಇದನ್ನೇ. ರಜೆಯ ದಿನ ಎಲ್ಲ ಮಷೀನು ಬಂದ್ ಇರಬೇಕು, ಗಾಳಿಯ ಲೈನಿನ ವಾಲ್ವ್ ಮಾತ್ರ ಮಷೀನಿನವರೆಗೆ ಪೂರ್ತಿ ತೆರೆದಿರಬೇಕು. ಕಂಪ್ರೆಸರ್ ಚಾಲೂ ಮಾಡಿ. ಒತ್ತಡ ತುಂಬಿದ ಮೇಲೆ ಅದು ಅನ್‌ಲೋಡ್ ಆಗುತ್ತದೆ, ಅಂದರೆ ಗಾಳಿ ತುಂಬದೆ ಬರಿದೇ ಓಡುತ್ತದೆ. ಸೋರಿಕೆ ಇಲ್ಲದಿದ್ದರೆ ಮತ್ತೆ ಲೋಡ್ ಆಗಲೇಬಾರದು, ಯಾಕೆಂದರೆ ಗಾಳಿ ಬಳಸುವವರೇ ಇಲ್ಲ. ಆದರೆ ಅದು ಲೋಡ್ ಆಗುತ್ತಲೇ ಇರುತ್ತದೆ. ವಾಚ್ ಹಿಡಿದು ಲೋಡ್ ಆಗಿದ್ದ ಹೊತ್ತು, ಅನ್‌ಲೋಡ್ ಆಗಿದ್ದ ಹೊತ್ತು ಎರಡನ್ನೂ ಬರೆದುಕೊಳ್ಳಿ. ಲೋಡ್ ಹೊತ್ತನ್ನು ಎರಡರ ಮೊತ್ತದಿಂದ ಭಾಗಿಸಿದರೆ ಕಂಪ್ರೆಸರ್ ತಾಕತ್ತಿನಲ್ಲಿ ಎಷ್ಟು ಪಾಲು ಸೋರಿಹೋಗುತ್ತಿದೆ ಅಂತ ಗೊತ್ತಾಗುತ್ತದೆ. ನಮ್ಮಲ್ಲಿ ಅದು ಹತ್ತಿರ ಹತ್ತಿರ ಮೂರನೇ ಒಂದು ಪಾಲು ಬಂತು. ಸರಿಯಾಗಿ ನೋಡಿಕೊಂಡ ಘಟಕದಲ್ಲಿ ಇದು ಶೇ. 10ರ ಒಳಗೆ ಇರಬೇಕು.

ಮೂರನೇ ಒಂದು ಪಾಲು ಅಂದರೆ ಸುಮಾರು 12 ಕಿಲೋವಾಟ್. ಹಗಲೂ ರಾತ್ರಿ ಸೇರಿ ದಿನಕ್ಕೆ 288 ಯೂನಿಟ್. ತಿಂಗಳಿಗೆ 26 ದಿನ ಕೆಲಸ ಅಂತ ಹಿಡಿದರೂ ಏಳು ಸಾವಿರ ಯೂನಿಟ್ ದಾಟುತ್ತದೆ. ತಿಂಗಳಿಗೆ 100 ಯೂನಿಟ್ ಬಳಸುವ ಎಪ್ಪತ್ತಕ್ಕೂ ಹೆಚ್ಚು ಮನೆ ಅದರಲ್ಲಿ ನಡೆಯುತ್ತವೆ. ಮಾಲೀಕರಿಗೆ ನಾನು ಹೇಳಿದ್ದು ರೂಪಾಯಿ ಲೆಕ್ಕ: ಯೂನಿಟ್‌ಗೆ 9 ರೂಪಾಯಿ ಅಂದರೂ ತಿಂಗಳಿಗೆ 65 ಸಾವಿರದ ಮೇಲೆ. ಅಷ್ಟು ಕೇಳಿದ ಮೇಲೆ ಫಿಟ್ಟಿಂಗ್, ಟ್ಯೂಬ್ ತರಲು ಅವರು ತಕ್ಷಣ ಒಪ್ಪಿದರು.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಇನ್ನೊಂದು ಲೆಕ್ಕ. ನಮ್ಮ ದೇಶದ ವಿದ್ಯುತ್ತಿನಲ್ಲಿ ಸುಮಾರು ಮುಕ್ಕಾಲು ಪಾಲು ಕಲ್ಲಿದ್ದಲಿನಿಂದ ಬರುತ್ತದೆ. ಕಲ್ಲಿದ್ದಲಿನಲ್ಲಿ 100 ಪಾಲು ಶಕ್ತಿ ಇದ್ದರೆ ಸ್ಥಾವರದಲ್ಲಿ ಕರೆಂಟ್ ಆಗುವುದು 35ರ ಆಸುಪಾಸು, ಉಳಿದದ್ದು ಶಾಖವಾಗಿ ಹೋಗುತ್ತದೆ. ತಂತಿ, ಟ್ರಾನ್ಸ್‌ಫಾರ್ಮರ್ ದಾಟಿ ನಮ್ಮ ಗೇಟಿಗೆ ಬರುವಾಗ 30 ಉಳಿದಿರುತ್ತದೆ ಅನ್ನಿ. ಕಂಪ್ರೆಸರ್ ಅದರಲ್ಲಿ ಹೆಚ್ಚಿನದನ್ನು ಮತ್ತೆ ಶಾಖ ಮಾಡಿಬಿಡುತ್ತದೆ. ಕೊನೆಗೆ ಸಿಲಿಂಡರ್ ತಳ್ಳುವ ಕೆಲಸಕ್ಕೆ ಸಿಗುವುದು ಮೂರ್ನಾಲ್ಕು ಪಾಲು ಮಾತ್ರ. ಇದನ್ನು ತಿರುಗಿಸಿ ನೋಡಿ. ಟ್ಯೂಬಿನ ತುದಿಯಲ್ಲಿ ಒಂದು ಪಾಲು ಉಳಿಸಿದರೆ ಗಣಿಯಲ್ಲಿ ಇಪ್ಪತ್ತೈದು, ಮೂವತ್ತು ಪಾಲು ಉಳಿಯುತ್ತದೆ. ಒಂದು ಯೂನಿಟ್ ಕರೆಂಟಿಗೆ ಹತ್ತಿರ ಮುಕ್ಕಾಲು ಕೆಜಿ ಕಲ್ಲಿದ್ದಲು ಸುಡಬೇಕು. ನಮ್ಮ ಸೋರಿಕೆಯೊಂದೇ ದಿನಕ್ಕೆ ಸುಮಾರು ಎರಡು ಕ್ವಿಂಟಾಲ್ ಕಲ್ಲಿದ್ದಲು ತಿನ್ನುತ್ತಿತ್ತು. ಅದನ್ನು ಅಗೆಯಬೇಕು, ರೈಲಿಗೆ ತುಂಬಬೇಕು, ಸುಡಬೇಕು, ಬೂದಿ ಎತ್ತಬೇಕು. ಇಷ್ಟೆಲ್ಲ ಯಾತಕ್ಕೆ? ಸುಸ್ಸ್ ಅನ್ನುವ ಸದ್ದಿಗೆ!

ಸೋರಿಕೆ ಹುಡುಕಿದ್ದು ಸೋಪಿನ ನೀರು, ಬ್ರಷ್ ಹಿಡಿದು. ಅಲ್ಟ್ರಾಸಾನಿಕ್ ಡಿಟೆಕ್ಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ. ಮೇನ್ ಪೈಪಿನಲ್ಲಿ ನಮಗೆ ಹೆಚ್ಚೇನೂ ಸಿಗಲಿಲ್ಲ. ಸಿಕ್ಕಿದ್ದೆಲ್ಲ ಕೊನೆಯ ಮೂರು ಮೀಟರಿನಲ್ಲಿ: ಟ್ಯೂಬ್ ಒತ್ತಿ ಕೂರಿಸುವ ಪುಶ್ ಫಿಟ್ಟಿಂಗಿನ ಸವೆದ ಒ-ರಿಂಗ್ (ರಬ್ಬರ್ ಉಂಗುರ), ಹಾಕ್ಸಾ ಗರಗಸದಿಂದ ಓರೆಯಾಗಿ ಕತ್ತರಿಸಿದ ಪಿಯು ಪ್ಲಾಸ್ಟಿಕ್ ಟ್ಯೂಬ್, ಬಿರುಕು ಬಿಟ್ಟ ಫಿಲ್ಟರ್ ಬೌಲ್, ಸಡಿಲವಾದ ಹೋಸ್ ಕ್ಲಿಪ್. ಓರೆ ಕತ್ತರಿಸಿದ ಟ್ಯೂಬ್ ಫಿಟ್ಟಿಂಗಿನ ಒಳಗೆ ಸರಿಯಾಗಿ ಕೂರುವುದಿಲ್ಲ, ಒಂದು ಬದಿಯಿಂದ ಬಿಡುತ್ತಲೇ ಇರುತ್ತದೆ. ಪ್ರತಿ ಲೈನಿಗೂ ಒಂದೊಂದು ಟ್ಯೂಬ್ ಕಟರ್ ಕೊಡಿಸಿದೆ. ಅಂಥ ಸಣ್ಣ ಸಾಮಾನಿನಿಂದ ಆದ ಲಾಭ ದೊಡ್ಡದು. 3 ಮಿಲಿಮೀಟರಿನ ಒಂದು ತೂತು 7 ಬಾರ್ ಒತ್ತಡದಲ್ಲಿ ಸುಮಾರು 3 ಕಿಲೋವಾಟ್ ನುಂಗುತ್ತದೆ, ಒಂದೂವರೆ ಟನ್ನಿನ ಎರಡು ಎಸಿ ಓಡಿಸುವಷ್ಟು.

ಮಳೆಗಾಲದಲ್ಲಿ ಇನ್ನೊಂದು ತಾಪತ್ರಯ. ಪುಣೆಯ ಜುಲೈ ತಿಂಗಳ ತೇವಕ್ಕೆ ಗಾಳಿ ತುಂಬಿಡುವ ರಿಸೀವರ್ ಟ್ಯಾಂಕಿನಲ್ಲಿ ನೀರು ಕಟ್ಟುತ್ತದೆ. ಮತ್ತೆ ಮತ್ತೆ ಬಂದು ತೆರೆಯುವ ಬದಲು ರಾತ್ರಿ ಪಾಳಿಯವರು ಡ್ರೈನ್ ಕಾಕ್ ಸ್ವಲ್ಪ ತೆರೆದೇ ಇಡುತ್ತಿದ್ದರು. ನೀರಿನ ಜೊತೆ ಗಾಳಿಯೂ ಬೆಳಗಿನವರೆಗೆ ಹೋಗುತ್ತಿತ್ತು. ಬೈದು ಪ್ರಯೋಜನ ಇಲ್ಲ. ನೀರು ತುಂಬಿದಾಗ ಮಾತ್ರ ತಾನೇ ತೆರೆಯುವ ಆಟೋ ಡ್ರೈನ್ ಹಾಕಿದೆವು.

ಒತ್ತಡ ಇಳಿಸುವುದು ಎಲ್ಲಕ್ಕಿಂತ ಕಷ್ಟವಾಯಿತು. 1 ಬಾರ್ ಇಳಿಸಿದರೆ ಕಂಪ್ರೆಸರ್ ಕರೆಂಟು ಶೇ. 6-7ರಷ್ಟು ಕಡಿಮೆಯಾಗುತ್ತದೆ. ಪ್ರೊಡಕ್ಷನ್‌ನವರು ಬಿಡಲಿಲ್ಲ, ಕ್ಲ್ಯಾಂಪ್ ಸಡಿಲವಾದರೆ ಮಾಲು ರಿಜೆಕ್ಟ್ ಆಗುತ್ತದೆ ಅಂದರು. ಅವರ ಭಯ ನ್ಯಾಯವಾದದ್ದೇ. ಮಷೀನಿಂದ ಮಷೀನಿಗೆ ಗೇಜ್ ಹಿಡಿದು ಹೋದಾಗ ತಿಳಿಯಿತು, 7.5 ಬಾರ್ ಕೇಳುತ್ತಿದ್ದದ್ದು ಲೈನಿನ ತುದಿಯಲ್ಲಿ ಮಾಲು ಹಿಡಿದಿಡುವ ಒಂದೇ ಫಿಕ್ಸ್‌ಚರ್. ಅದಕ್ಕೂ ನಿಜವಾಗಿ ಬೇಕಾಗಿದ್ದದ್ದು ಅಷ್ಟಲ್ಲ, ಉದ್ದನೆಯ ಸಣ್ಣ ಟ್ಯೂಬಿನಲ್ಲಿ ಒತ್ತಡ ಬಿದ್ದುಹೋಗುತ್ತಿತ್ತು. ಟ್ಯೂಬ್ ದಪ್ಪದ್ದು ಹಾಕಿ, ಪಕ್ಕದಲ್ಲೇ ಒಂದು ಸಣ್ಣ ಟ್ಯಾಂಕ್ ಕೂರಿಸಿದೆವು. ಆಮೇಲೆ ಸೆಟ್ಟಿಂಗನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತಾ 6.5ಕ್ಕೆ ತಂದೆವು. ಕಂಪ್ರೆಸರ್ ರೂಮಿನ ಬಿಸಿ ಗಾಳಿ ಹೊರಗೆ ಹೋಗಲು ಡಕ್ಟ್ ಕಟ್ಟಿಸಿದೆವು. ಒಳಗೆ ಎಳೆಯುವ ಗಾಳಿ 4 ಡಿಗ್ರಿ ತಣ್ಣಗಾದರೆ ಸುಮಾರು ಶೇ. 1 ಉಳಿತಾಯ.

ಒಂದು ಘಟಕದ್ದು ಎಷ್ಟು ಮಹಾ ಅಂತ ಕೇಳುವವರಿದ್ದಾರೆ. ಅವರಿಗೆ ನಾನು ಪುಣೆಯದೇ ಕತೆ ಹೇಳುತ್ತೇನೆ. 2006ರ ಹೊತ್ತಿಗೆ ಮಹಾರಾಷ್ಟ್ರದಲ್ಲಿ ಲೋಡ್ ಶೆಡ್ಡಿಂಗ್ ಜೋರಾಗಿತ್ತು. ಆಗ ಇಲ್ಲಿಯ ದೊಡ್ಡ ಕಾರ್ಖಾನೆಗಳು ಉದ್ಯಮಗಳ ಒಕ್ಕೂಟವಾದ ಸಿಐಐ ಮೂಲಕ ಒಂದು ವ್ಯವಸ್ಥೆಗೆ ಬಂದವು. ತಮ್ಮ ಜನರೇಟರ್ ತಾವೇ ಓಡಿಸಿಕೊಂಡು, ಗ್ರಿಡ್‌ನಿಂದ ಎಳೆಯುವ ಕರೆಂಟನ್ನು ಊರಿಗೆ ಬಿಟ್ಟುಕೊಟ್ಟವು. ಪುಣೆ ಮಾಡೆಲ್ ಅಂತ ಅದಕ್ಕೆ ಹೆಸರೇ ಬಂತು. ನಾವು ಎಳೆಯದ ಕರೆಂಟು ಇನ್ನೊಬ್ಬರ ಮನೆಗೆ ಹೋಗುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕಾ? ಆದರೆ ಹಾಗೆ ಬಿಟ್ಟುಕೊಟ್ಟ ಕರೆಂಟು ಡೀಸೆಲ್ ಸುಟ್ಟು ಬಂದದ್ದು, ಗ್ರಾಹಕರೂ ಅದಕ್ಕೆ ಹೆಚ್ಚು ದುಡ್ಡು ತೆತ್ತರು. ಕಚ್ಚಾ ತೈಲದಲ್ಲಿ ಶೇ. 85ಕ್ಕಿಂತ ಜಾಸ್ತಿ ನಾವು ಹೊರಗಿನಿಂದಲೇ ತರಿಸುವುದು. ಸೋರಿಕೆ ನಿಲ್ಲಿಸಿ ಬಿಟ್ಟುಕೊಡುವ ಕರೆಂಟಿಗೆ ಡೀಸೆಲೂ ಬೇಡ, ಡಾಲರೂ ಬೇಡ.

2024ರ ಮೇ 30ರಂದು ದೇಶದ ಬೇಡಿಕೆ 250 ಗಿಗಾವಾಟ್ ಮುಟ್ಟಿತು. ಹಗಲಲ್ಲಿ ಸೋಲಾರ್ ಕೈಹಿಡಿಯುತ್ತದೆ, ಸಂಜೆಯ ಮೇಲೆ ಅದು ಸೊನ್ನೆ. ನಮ್ಮ ಸೋರಿಕೆ ಮಾತ್ರ ರಾತ್ರಿ ಪಾಳಿಯಲ್ಲೂ ಅಷ್ಟೇ ಇರುತ್ತದೆ, ಅದನ್ನು ತುಂಬುವುದು ಹೆಚ್ಚಾಗಿ ಕಲ್ಲಿದ್ದಲೇ. ಹೊಸ ಸ್ಥಾವರ ಎದ್ದು ನಿಲ್ಲಲು ವರ್ಷಗಟ್ಟಲೆ ಬೇಕು. ಮುಚ್ಚಿದ ತೂತಿನ ಲಾಭ ಅದೇ ಸಂಜೆ ಗ್ರಿಡ್‌ಗೆ ಸಿಗುತ್ತದೆ.

2001ರ ಇಂಧನ ಸಂರಕ್ಷಣಾ ಕಾಯ್ದೆ ಬಂದು, 2002ರಲ್ಲಿ ಇಂಧನ ದಕ್ಷತಾ ಬ್ಯೂರೋ ಶುರುವಾಗಿ, 2012ರಿಂದ ಸಿಮೆಂಟ್, ಉಕ್ಕು, ಗೊಬ್ಬರದಂಥ ದೊಡ್ಡ ಘಟಕಗಳಿಗೆ ಪ್ಯಾಟ್ ಎಂಬ ಯೋಜನೆಯಲ್ಲಿ ಇಂಧನ ಉಳಿಸುವ ಗುರಿ ಕೊಡುತ್ತಾ ಬಂದರು. ಅದು ಒಳ್ಳೆಯ ಕೆಲಸ. ಭೋಸರಿ, ಚಿಂಚವಾಡದ ಸಣ್ಣ ಶೆಡ್‌ಗಳಿಗೆ ಅಂಥ ಗುರಿ ಇಲ್ಲ. ಇಲ್ಲಿ ಕೆಲಸ ಆಗಬೇಕಾದರೆ ಮೇಂಟೆನೆನ್ಸ್‌ನವನೇ ಮುಂದೆ ಬರಬೇಕು.

ಈ ಸೋರಿಕೆ ಮತ್ತೆ ಮತ್ತೆ ಬರುತ್ತದೆ. ಮಷೀನು ಅದುರುತ್ತದೆ, ಫಿಟ್ಟಿಂಗ್ ಸಡಿಲವಾಗುತ್ತದೆ. ಅದಕ್ಕೆ ಕೆಂಪು ಟ್ಯಾಗ್ ಇಟ್ಟಿದ್ದೇವೆ. ಸದ್ದು ಕೇಳಿದ ಆಪರೇಟರ್ ಅಲ್ಲಿ ಟ್ಯಾಗ್ ಕಟ್ಟುತ್ತಾನೆ, ರಜೆಯ ದಿನ ಫಿಟ್ಟರ್ ರಿಪೇರಿ ಮಾಡಿ ಬಿಚ್ಚುತ್ತಾನೆ. ವಾಚ್ ಹಿಡಿದು ಮಾಡುವ ಪರೀಕ್ಷೆ ತಿಂಗಳಿಗೊಮ್ಮೆ ನಡೆಯುತ್ತದೆ, ಬಂದ ಶೇಕಡಾವಾರನ್ನು ಕಂಪ್ರೆಸರ್ ರೂಮಿನ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತೇವೆ. ಅದೀಗ ಶೇ. 10ರ ಹತ್ತಿರ ಇದೆ. ಮುಂದಿನದು ಮತ್ತೆ ಮತ್ತೆ ರೀವೈಂಡ್ ಮಾಡಿಸಿದ ಹಳೆಯ ಮೋಟಾರ್‌ಗಳು. ಅವುಗಳ ಜಾಗಕ್ಕೆ ಕಡಿಮೆ ಕರೆಂಟ್ ತಿನ್ನುವ ಐಇ3 ದರ್ಜೆಯ ಮೋಟಾರ್ ತರಲು ಕೊಟೇಶನ್ ಕೇಳಿದ್ದೇನೆ.