ಸೈಲೆನ್ಸರ್‌ಗೆ ಮನೆಯಲ್ಲೇ ಬಣ್ಣ: ಹೊಡೆದರೆ ಅರ್ಧ ಕೆಲಸ, ಬೇಯಿಸಿದರೆ ಪೂರ್ತಿ

ಮೋಟಾರ್‌ಸೈಕಲ್ ಸೈಲೆನ್ಸರ್‌ಗೆ ಹೊಡೆದ ಬಣ್ಣ ಒಂದೆರಡು ವಾರದಲ್ಲೇ ಸಿಪ್ಪೆ ಏಳುವುದಕ್ಕೆ ಕಾರಣ ಹೆಚ್ಚಾಗಿ ಬಣ್ಣವಲ್ಲ. ಒಂದೋ ತಳ ಸರಿಯಾಗಿ ಉಜ್ಜಿರುವುದಿಲ್ಲ, ಇಲ್ಲವೇ ಹೊಡೆದ ಮೇಲೆ ಸರಿಯಾಗಿ ಬೇಯಿಸಿರುವುದಿಲ್ಲ. ಶಾಖ ತಡೆಯುವ ಬಣ್ಣದಲ್ಲಿ ಇರುವುದು ಸಿಲಿಕೋನ್ ರಾಳ. ಅದು ಗಾಳಿಗೆ ಒಣಗಿದಂತೆ ಕಂಡರೂ ಗಟ್ಟಿಯಾಗುವುದು ಬಿಸಿ ಉಂಡ ಮೇಲೆಯೇ. ಸಾಮಾನ್ಯ ಎನಾಮೆಲ್ ಆದರೆ 200 ಡಿಗ್ರಿ ಆಸುಪಾಸಿನಲ್ಲೇ ಸುಟ್ಟು ಕರಕಲಾಗುತ್ತದೆ. ಹಾಗಾಗಿ ಕ್ಯಾನಿನ ಮೇಲೆ 600 ಅಥವಾ 650 ಡಿಗ್ರಿ ಸೆಲ್ಸಿಯಸ್ ಎಂದಿದೆಯೇ ನೋಡಿ ತರುತ್ತೇನೆ. 200, 300 ಎಂದು ಬರೆದದ್ದು ಎಂಜಿನ್ ಬ್ಲಾಕಿಗೋ ಬ್ರೇಕ್ ಕ್ಯಾಲಿಪರ್‌ಗೋ ಸರಿ, ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೋಗುವ ಬೆಂಡ್ ಪೈಪಿಗೆ ಸಾಲದು. 400 ಮಿ.ಲೀ.ನ ಒಂದು ಕ್ಯಾನ್ ಒಂದು ಬೆಂಡ್ ಪೈಪು, ಒಂದು ಸೈಲೆನ್ಸರ್‌ಗೆ ಸಾಕು.

ಬಿಚ್ಚುವ ಹಿಂದಿನ ಸಂಜೆಯೇ ಎಂಜಿನ್ ಹೆಡ್ಡಿನ ಬಳಿ ಬೆಂಡ್ ಪೈಪನ್ನು ಹಿಡಿದಿರುವ ಎರಡೂ ನಟ್‌ಗಳಿಗೆ ತುಕ್ಕು ಸಡಿಲಿಸುವ ಎಣ್ಣೆ ಬಿಟ್ಟಿರುತ್ತೇನೆ. ಬೆಳಿಗ್ಗೆ ಕಾಲು ಸುತ್ತು ಬಿಚ್ಚುವುದು, ಅರ್ಧದಷ್ಟು ಹಿಂದಕ್ಕೆ ತಿರುಗಿಸುವುದು, ಮತ್ತೆ ಎಣ್ಣೆ, ಮತ್ತೆ ಕಾಲು ಸುತ್ತು. ಇಲ್ಲಿ ಅವಸರ ಮಾಡಿದರೆ ನಟ್ ಕೂರುವ ಸ್ಟಡ್ ಮುರಿದು ಅಲ್ಯೂಮಿನಿಯಂ ಹೆಡ್ಡಿನೊಳಗೇ ಉಳಿಯುತ್ತದೆ. ಆಮೇಲೆ ಬಣ್ಣದ ಕೆಲಸ ಹೋಗಿ ಡ್ರಿಲ್ ಕೆಲಸ ಶುರುವಾಗುತ್ತದೆ. ಸೈಲೆನ್ಸರ್ ಹಿಡಿದಿರುವ ಹಿಂದಿನ ಬೋಲ್ಟನ್ನು ಕೊನೆಗೆ ತೆಗೆಯಬೇಕು. ಮೊದಲೇ ತೆಗೆದರೆ ಇಡೀ ಭಾರ ಆ ಎರಡು ಸ್ಟಡ್‌ಗಳ ಮೇಲೆ ನೇತಾಡುತ್ತದೆ. ಆಕ್ಸಿಜನ್ ಸೆನ್ಸರ್ ಇದ್ದರೆ ಬಿಚ್ಚಿ ಪಕ್ಕಕ್ಕಿಡಿ.

ಬಣ್ಣಕ್ಕೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ. ತುಕ್ಕು ಹಿಡಿದ ಕಡೆಯೆಲ್ಲ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ. ಗಟ್ಟಿ ತಗಡು ಟಣ್ ಎನ್ನುತ್ತದೆ, ಸವೆದದ್ದು ಮಂಕಾಗಿ ದಬ್ ಎನ್ನುತ್ತದೆ. ಸೈಲೆನ್ಸರ್ ಹೊರಗಿನಿಂದಷ್ಟೇ ಅಲ್ಲ, ಒಳಗಿನಿಂದಲೂ ಕೊರೆಯುತ್ತದೆ. ಹೊಗೆಯಲ್ಲಿರುವ ನೀರಾವಿ ತಣ್ಣಗಾಗಿ ತಳದಲ್ಲಿ ನಿಲ್ಲುವುದೇ ಇದಕ್ಕೆ ಕಾರಣ, ಅದಕ್ಕೇ ದಿನಾ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಸೈಲೆನ್ಸರ್ ಬೇಗ ಹೋಗುತ್ತದೆ. ತೂತು ಬಿದ್ದಿದ್ದರೆ ಮೊದಲು ವೆಲ್ಡಿಂಗ್. ಬಾಡಿ ಪುಟ್ಟಿ ತುಂಬಿ ಮುಚ್ಚುವ ಯೋಚನೆ ಬೇಡ, ಅದು ಮೊದಲ ಓಟಕ್ಕೇ ಉದುರುತ್ತದೆ.

ಉಜ್ಜುವುದಕ್ಕೆ ಬಣ್ಣಕ್ಕಿಂತ ನಾಲ್ಕು ಪಟ್ಟು ಸಮಯ ಇಟ್ಟುಕೊಳ್ಳಿ. ತಂತಿ ಬ್ರಷ್‌ನಿಂದ ಸಡಿಲ ತುಕ್ಕು ತೆಗೆದು, 80ರ ಉಪ್ಪುಕಾಗದದಿಂದ ಲೋಹ ಕಾಣುವವರೆಗೆ, ಆಮೇಲೆ 120, ಕೊನೆಗೆ 220. ಅಲ್ಲಿಗೆ ನಿಲ್ಲಿಸುತ್ತೇನೆ. 400, 600ರಲ್ಲಿ ನುಣುಪು ಮಾಡಿದರೆ ಬಣ್ಣಕ್ಕೆ ಕಚ್ಚಿಕೊಳ್ಳಲು ಒರಟೇ ಇರುವುದಿಲ್ಲ. ತುಕ್ಕು ಅಡಗಿ ಕೂರುವ ಜಾಗ ವೆಲ್ಡಿಂಗ್ ಗೆರೆಯ ಬುಡ ಮತ್ತು ಬ್ರಾಕೆಟ್ಟಿನ ಒಳಮೂಲೆ. ಅಲ್ಲಿ ಕಾಗದ ಹೋಗದು, ಹಳೆಯ ಹಲ್ಲುಜ್ಜುವ ಬ್ರಷ್ ಗಾತ್ರದ ತಂತಿ ಬ್ರಷ್ಷೇ ಬೇಕು. ಕಂದು ಚುಕ್ಕೆ ಒಂದೇ ಉಳಿದರೂ ಬಣ್ಣ ಮೊದಲು ಎದ್ದುಬರುವುದು ಅಲ್ಲಿಂದಲೇ. ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರನ್ನು ನಾನು ಇಲ್ಲಿ ಬಳಸುವುದಿಲ್ಲ, ಬಿಸಿಗೆ ಆ ಪದರವೇ ಬಿಟ್ಟು ಮೇಲಿನ ಬಣ್ಣವನ್ನೂ ಹೊತ್ತೊಯ್ಯುತ್ತದೆ. ಸಾಮಾನ್ಯ ಪ್ರೈಮರ್‌ನದೂ ಅದೇ ಕಥೆ. ಕ್ರೋಮ್ ಲೇಪ ಇರುವ ಪೈಪಾದರೆ ಕೈಯಿಂದ ಉಜ್ಜುವುದು ವ್ಯರ್ಥ, ಮರಳು ಚಿಮ್ಮಿಸಿ ಉಜ್ಜುವ ಸ್ಯಾಂಡ್‌ಬ್ಲಾಸ್ಟಿಂಗ್‌ಗೆ ಕೊಡಿ.

ಉಜ್ಜಿದ್ದಾದ ಮೇಲೆ ಬರಿಗೈ ತಾಗಿಸಬೇಡಿ. ಗ್ಲೌಸ್ ಹಾಕಿಕೊಂಡು, ನೂಲು ಬಿಡದ ಬಟ್ಟೆಗೆ ಅಸಿಟೋನ್ ಹಾಕಿ ಎರಡು ಸಲ ಒರೆಸುತ್ತೇನೆ, ಎರಡನೇ ಸಲಕ್ಕೆ ಹೊಸ ಬಟ್ಟೆ. ಬೆರಳಿನ ಜಿಡ್ಡು ಆಗ ಕಣ್ಣಿಗೆ ಕಾಣದು. ಬಿಸಿಯಾದ ಮೇಲೆ ಅಷ್ಟೇ ಅಗಲದ ಮಚ್ಚೆಯಾಗಿ ಮೂಡುತ್ತದೆ. ಮಳೆಗಾಲದಲ್ಲಿ ಬರಿ ಉಕ್ಕಿನ ಮೇಲೆ ಕೆಲವೇ ಗಂಟೆಗಳಲ್ಲಿ ಕೆಂಪು ಛಾಯೆ ಬರುವುದರಿಂದ ಉಜ್ಜಿದ ದಿನವೇ ಬಣ್ಣ ಹೊಡೆದು ಮುಗಿಸಬೇಕು.

ಪೈಪಿನ ಎರಡೂ ಬಾಯಿಗೆ, ಗ್ಯಾಸ್ಕೆಟ್ ಕೂರುವ ಜಾಗಕ್ಕೆ, ಸೆನ್ಸರ್ ಕೂರುವ ತೂತಿನ ತಿರುಪು ಮರೆಗಳಿಗೆ ಟೇಪ್ ಸುತ್ತಿ ತಂತಿಯಿಂದ ತೂಗುಹಾಕಿ. ಕ್ಯಾನಿನೊಳಗಿನ ಗುಂಡು ಸದ್ದು ಮಾಡಲು ಶುರುವಾದ ಮೇಲೆ ಪೂರ್ತಿ 2 ನಿಮಿಷ ಕುಲುಕಿ. ದೂರ 25 ಸೆಂ.ಮೀ. ಇರಲಿ. ಮೊದಲ ಕೋಟ್ ಧೂಳು ಕೂತಂತೆ ಇರಬೇಕು, ಕೆಳಗಿನ ಲೋಹ ಕಾಣುತ್ತಲೇ ಇರಬೇಕು. ಅದನ್ನು ನೋಡಿ ಇನ್ನಷ್ಟು ಹೊಡೆಯುವ ಆಸೆಯಾಗುತ್ತದೆ, ತಡೆದುಕೊಳ್ಳಿ. 10 ನಿಮಿಷ ಬಿಟ್ಟು ಎರಡನೆಯದು, ಮತ್ತೆ 10 ನಿಮಿಷಕ್ಕೆ ಮೂರನೆಯದು, ಅಲ್ಲಿಗೆ ಮುಗಿಯಿತು. ದಪ್ಪ ಹೊಡೆದರೆ ಮೇಲ್ಪದರ ಮೊದಲು ಒಣಗಿ ಒಳಗಿನ ಥಿನ್ನರ್ ಸಿಕ್ಕಿಬೀಳುತ್ತದೆ, ಬಿಸಿಯಾದಾಗ ಗುಳ್ಳೆ ಎದ್ದು ಒಡೆಯುತ್ತದೆ. ಮುಖಕ್ಕೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಥಿನ್ನರ್ ಆವಿ ಹೀರುವ ಆರ್ಗಾನಿಕ್ ವೇಪರ್ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು.

ಒಂದು ರಾತ್ರಿ ಬಿಟ್ಟು ಗಾಡಿಗೆ ಕೂರಿಸುತ್ತೇನೆ. ಹೆಡ್ಡಿಗೂ ಪೈಪಿಗೂ ನಡುವೆ ಕೂರುವ ಗ್ಯಾಸ್ಕೆಟ್ ಹೊಸದೇ ಇರಲಿ, ಒಮ್ಮೆ ಒತ್ತಿ ಚಪ್ಪಟೆಯಾದ ರಿಂಗ್ ಮತ್ತೆ ಹೊಂದದು. ಎಲ್ಲವನ್ನೂ ಕೈಯಲ್ಲೇ ತಿರುಗಿಸಿ ಸಡಿಲವಾಗಿ ನಿಲ್ಲಿಸಿ, ಹೆಡ್ಡಿನ ನಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದು, ಕೊನೆಗೆ ಹಿಂದಿನ ಬೋಲ್ಟ್. 6 ಮಿ.ಮೀ. ಸ್ಟಡ್‌ಗೆ ಸುಮಾರು 10 ನ್ಯೂಟನ್ ಮೀಟರ್ ಸಾಕು. ಮ್ಯಾನ್ಯುವಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ.

ಇನ್ನು ಬೇಯಿಸುವುದು. ಬಯಲಲ್ಲಿ ನಿಲ್ಲಿಸಿ, ಎಂಜಿನ್ ಮುಂದೆ ಫ್ಯಾನ್ ಇಟ್ಟು 10 ನಿಮಿಷ ಐಡಲ್ (ಗಾಡಿ ನಿಂತಲ್ಲೇ ಎಂಜಿನ್ ಮಾತ್ರ ಚಾಲೂ), 20 ನಿಮಿಷ ತಣಿಸು. ಆಮೇಲೆ 20 ನಿಮಿಷ ಐಡಲ್, ಮತ್ತೆ 20 ನಿಮಿಷ ತಣಿಸು. ಮೂರನೆಯದು ಅರ್ಧ ಗಂಟೆಯ ಓಟ. ಬಿಳಿ ಹೊಗೆ, ಘಾಟು ವಾಸನೆ ಬರುತ್ತದೆ. ರಾಳ ಬೇಯುತ್ತಿದೆ ಎಂದರ್ಥ, ಹೆದರಬೇಕಿಲ್ಲ. ಮುಚ್ಚಿದ ಶೆಡ್ಡಿನಲ್ಲಿ ಮಾತ್ರ ಇದನ್ನು ಮಾಡಲೇಬಾರದು, ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ. ಅಡುಗೆಯ ಓವನ್ನಿಗೂ ಇದನ್ನು ಹಾಕಬೇಡಿ.

ಐಡಲ್‌ನಲ್ಲಿ ಬೆಂಡ್ ಪೈಪು ಬೇಗ ಕಾಯುತ್ತದೆ, ಸೈಲೆನ್ಸರಿನ ಬಾಲ ಕಾಯುವುದಿಲ್ಲ. ಅದಕ್ಕೇ ಮುಂದಿನ ಭಾಗ ಕಲ್ಲಿನಂತಾಗಿದ್ದರೂ ತುದಿಯ ಒಂದು ಗೇಣು ಉಗುರು ತಾಗಿದರೆ ಗೀರು ಬೀಳುವಷ್ಟು ಮೆತ್ತಗಿರುತ್ತದೆ. ಅಲ್ಲಿ ಪೆಟ್ರೋಲ್ ಹನಿ ಬಿದ್ದರೆ ಬಣ್ಣ ಕರಗುತ್ತದೆ, ಬೂಟಿನ ಹಿಮ್ಮಡಿ ತಾಗಿದರೆ ಎದ್ದುಹೋಗುತ್ತದೆ. ಆ ಭಾಗಕ್ಕೆ ಹೀಟ್ ಗನ್ ಹಿಡಿದು, ಒಂದೇ ಕಡೆ ನಿಲ್ಲಿಸದೆ ಹಿಂದೆಮುಂದೆ ಆಡಿಸುತ್ತಾ 15 ನಿಮಿಷ ಕಾಯಿಸುತ್ತೇನೆ. ಪೂರ್ತಿ ತಣಿದ ಮೇಲೆ, ಕಣ್ಣಿಗೆ ಬೀಳದ ಕೆಳಮೈಯಲ್ಲಿ ಉಗುರಿನಿಂದ ಕೆರೆದು ನೋಡಿ. ಗೀರು ಬಿದ್ದರೆ ಇನ್ನೊಂದು ಸುತ್ತು ಬಿಸಿ ಬೇಕು.