ಡಬ್ಬಿಯ ತಳ ಕಾಣುವ ಮುನ್ನ ಒಂದು ಇಮೇಲ್

ಚಿಕ್ಕಮಗಳೂರು, ಕೊಡಗು, ಹಾಸನದ ಕಡೆ ಸ್ವಂತ ತೋಟದ ಬೀಜವನ್ನು ಹುರಿದು, ಪುಡಿ ಮಾಡಿಸಿ, ಕೊರಿಯರ್ ಮೂಲಕ ನೇರವಾಗಿ ಮನೆಗಳಿಗೆ ಕಳಿಸುವ ಸಣ್ಣ ಬೆಳೆಗಾರರು ಈಗ ಹಲವರಿದ್ದಾರೆ. ಅವರ ವ್ಯಾಪಾರ ಬಹುಮಟ್ಟಿಗೆ ನಡೆಯುವುದು ವಾಟ್ಸ್‌ಆ್ಯಪ್ ಮತ್ತು ಇನ್‌ಸ್ಟಾಗ್ರಾಮ್‌ನಲ್ಲಿ. ಆದರೆ ವಾಟ್ಸ್‌ಆ್ಯಪ್‌ನ ಒಂದು ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ. ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳದವರಿಗೆ ಆ ಸಂದೇಶ ತಲುಪುವುದೂ ಇಲ್ಲ. ಇನ್‌ಸ್ಟಾಗ್ರಾಮ್ ಖಾತೆ ಯಾವುದೋ ಕಾರಣಕ್ಕೆ ಮುಚ್ಚಿಹೋದರೆ ಅಲ್ಲಿ ಸೇರಿದ್ದ ಜನರೂ ಅದರೊಂದಿಗೇ ಕೈತಪ್ಪುತ್ತಾರೆ. ಇಮೇಲ್ ವಿಳಾಸಗಳ ಪಟ್ಟಿಯನ್ನಾದರೆ ಒಂದು ಕಡತವಾಗಿ ಇಳಿಸಿಕೊಂಡು, ಒಂದು ಇಮೇಲ್ ಸೇವೆ ಬೇಡವೆಂದರೆ ಇನ್ನೊಂದಕ್ಕೆ ಒಯ್ಯಬಹುದು. ಹಾಲು ಹಾಕುವವರಿಗೆ ವರ್ತನೆಯ ಮನೆಗಳಿದ್ದಂತೆ ಕಾಫಿ ಪುಡಿ ಮಾರುವವರಿಗೂ ಖಾಯಂ ಮನೆಗಳು ಬೇಕು. ವಿಚಾರಿಸಿ ಹೋದವರನ್ನು ವರ್ತನೆಯ ಮನೆಯಾಗಿಸುವ ಕೆಲಸವನ್ನು ಇಮೇಲ್‌ನಲ್ಲಿ ಹೇಗೆ ಮಾಡಬಹುದೆಂದು ಇಲ್ಲಿ ಹಂತಹಂತವಾಗಿ ನೋಡೋಣ.

ಮೊದಲು ವಿಳಾಸ, ಆಮೇಲೆ ಪಟ್ಟಿ

ಸ್ವಂತ ಡೊಮೇನ್ (ಅಂತರ್ಜಾಲದಲ್ಲಿ ನಿಮ್ಮದೇ ಆದ ವಿಳಾಸ) ಹೆಸರಿನಲ್ಲಿ ಒಂದು ಇಮೇಲ್ ವಿಳಾಸ ಮಾಡಿಕೊಳ್ಳುವುದು ಮೊದಲ ಕೆಲಸ. ಉಚಿತ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಿಂತ ಹೆಚ್ಚು ಮಂದಿಗೆ ಕಳಿಸಲು ಬರುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೊಂದಿದೆ. ಕೆಲ ವರ್ಷಗಳ ಹಿಂದೆ ಸೀರೆ ಅಂಗಡಿಯೊಂದು ಹಬ್ಬದ ರಿಯಾಯಿತಿಯ ಪತ್ರವನ್ನು ಎಲ್ಲ ಗ್ರಾಹಕರ ವಿಳಾಸಗಳೂ ಎಲ್ಲರಿಗೂ ಕಾಣುವಂತೆ ಕಳಿಸಿತ್ತು. ಆ ಸಾಲಿನಲ್ಲಿ ನನ್ನದೂ ಇತ್ತು. ಯಾರೋ ಒಬ್ಬರು ‘ನನ್ನನ್ನು ತೆಗೆದುಹಾಕಿ’ ಎಂದು ಎಲ್ಲರಿಗೂ ಉತ್ತರಿಸಿದರು, ಅದನ್ನು ನೋಡಿ ಮತ್ತೊಬ್ಬರು, ಮತ್ತೊಬ್ಬರು. ಸಂಜೆಯ ಹೊತ್ತಿಗೆ ಸೀರೆಯ ಮಾತು ಎಲ್ಲಿಯೂ ಉಳಿದಿರಲಿಲ್ಲ. ಪಟ್ಟಿಯಲ್ಲಿರುವವರಿಗೆಲ್ಲ ಇಮೇಲ್ ಕಳಿಸಿಕೊಡುವ ಮೇಲ್‌ಚಿಂಪ್, ಜೋಹೊ ಕ್ಯಾಂಪೇನ್ಸ್‌ನಂತಹ ಸೇವೆಗಳಲ್ಲಿ ಪ್ರತಿ ಪತ್ರವೂ ಪ್ರತ್ಯೇಕವಾಗಿ ಹೋಗುವುದರಿಂದ ಈ ಅನಾಹುತಕ್ಕೆ ಅವಕಾಶವಿಲ್ಲ.

ಡೊಮೇನ್ ಕೊಂಡ ಕಡೆಯಲ್ಲೇ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ಮೂರು ದಾಖಲೆಗಳನ್ನು ಸೇರಿಸಬೇಕು. ಹೆಸರು ಕೇಳಿ ಗಾಬರಿಯಾಗಬೇಕಿಲ್ಲ. ನಿಮ್ಮ ಹೆಸರಿನಲ್ಲಿ ಯಾರು ಪತ್ರ ಕಳಿಸಬಹುದೆಂದು ಮೊದಲನೆಯದು ತಿಳಿಸುತ್ತದೆ. ಎರಡನೆಯದು ಪ್ರತಿ ಪತ್ರಕ್ಕೂ ಮೊಹರು ಒತ್ತುತ್ತದೆ. ಇವೆರಡೂ ತಾಳೆಯಾಗದ ಪತ್ರವನ್ನು ಏನು ಮಾಡಬೇಕೆಂದು ಮೂರನೆಯದು ಹೇಳುತ್ತದೆ. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಪತ್ರ ಕಳಿಸುವವರಿಗೆ 2024ರ ಫೆಬ್ರುವರಿಯಿಂದ ಗೂಗಲ್ ಈ ಮೂರನ್ನೂ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಹೋಗುವ ಗುಂಡಿಯನ್ನೂ ಕಡ್ಡಾಯ ಮಾಡಿದೆ. ಸ್ಪ್ಯಾಮ್, ಅಂದರೆ ಬೇಡದ ಪತ್ರ, ಎಂಬ ದೂರುಗಳ ಪ್ರಮಾಣ ಶೇ 0.3 ಮುಟ್ಟಬಾರದೆಂಬ ಷರತ್ತೂ ಇದೆ. ನಾನೂರು ಜನರ ಪಟ್ಟಿಯವರಿಗೆ ಈ ನಿಯಮ ಅಕ್ಷರಶಃ ಅನ್ವಯಿಸದಿದ್ದರೂ ಅದನ್ನು ಪಾಲಿಸುವುದೇ ಒಳ್ಳೆಯದು, ಏಕೆಂದರೆ ಸಾವಿರಕ್ಕೆ ಮೂರು ದೂರು ಎಂದರೆ ನಾನೂರರಲ್ಲಿ ಇಬ್ಬರು ಬೇಸರಪಟ್ಟರೂ ಗಡಿ ದಾಟಿದ ಲೆಕ್ಕ.

ಕೇಳಿ ಪಡೆದ ವಿಳಾಸ

ಕೊಂಡು ತಂದ ಪಟ್ಟಿಯನ್ನು ಬಳಸಲೇಬಾರದು. ಕೇಳದವರಿಗೆ ಪತ್ರ ಕಳಿಸುವ ಚಾಳಿ ಹೆಚ್ಚುಕಡಿಮೆ ಇಮೇಲ್‌ನಷ್ಟೇ ಹಳೆಯದು: 1978ರ ಮೇ ತಿಂಗಳಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನ ಗ್ಯಾರಿ ಥರ್ಕ್ ತಮ್ಮ ಕಂಪ್ಯೂಟರುಗಳ ಜಾಹೀರಾತನ್ನು ಇಂಟರ್‌ನೆಟ್‌ನ ಪೂರ್ವರೂಪವಾದ ಆರ್ಪಾನೆಟ್‌ನ ಸುಮಾರು 400 ಮಂದಿಗೆ ಕಳಿಸಿದಾಗಲೇ ಬೈಗುಳವೂ ಶುರುವಾಯಿತು. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಸ್ವತಂತ್ರವಾಗಿ, ನಿರ್ದಿಷ್ಟ ಉದ್ದೇಶಕ್ಕೆ, ವಿಷಯ ತಿಳಿದು ಕೊಟ್ಟದ್ದಾಗಿರಬೇಕು. ಕೊಟ್ಟಷ್ಟೇ ಸುಲಭವಾಗಿ ಅದನ್ನು ಹಿಂಪಡೆಯಲು ಬರಬೇಕು. ಸೂಚನೆಯನ್ನು ಇಂಗ್ಲಿಷಿನಲ್ಲಲ್ಲದೆ ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಗಳಲ್ಲೂ, ಅಂದರೆ ಕನ್ನಡದಲ್ಲೂ ಓದುವ ಆಯ್ಕೆ ಇರಬೇಕು. ಇದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ವ್ಯಾಪಾರಿಗಳ ಮುಖ್ಯ ಹೊಣೆಗಳು ಅಲ್ಲಿಂದ ಹದಿನೆಂಟು ತಿಂಗಳಿಗೆ ಜಾರಿಗೆ ಬರುತ್ತವೆ. ಅಷ್ಟರವರೆಗೆ ಕಾಯದೆ ಈಗಲೇ ಸರಿಯಾಗಿ ಶುರುಮಾಡಿದರೆ ಮುಂದೆ ಇಡೀ ಪಟ್ಟಿಯನ್ನು ಮತ್ತೆ ಕೇಳಿ ಕಟ್ಟುವ ಪಾಡು ತಪ್ಪುತ್ತದೆ.

ಹಾಗಾದರೆ ವಿಳಾಸ ಕೊಡುವವರು ಯಾಕೆ ಕೊಡಬೇಕು? ‘ನಮ್ಮ ಸುದ್ದಿಪತ್ರಕ್ಕೆ ಸೇರಿ’ ಎಂಬ ಸಾಲಿಗೆ ಯಾರೂ ಸೇರುವುದಿಲ್ಲ. ಪುಡಿಯ ಪೊಟ್ಟಣದ ಹಿಂದೆ ಒಂದು ಕ್ಯೂಆರ್ ಕೋಡ್ ಅಚ್ಚು ಹಾಕಿಸಿ, ‘ಡಿಕಾಕ್ಷನ್ ತೆಳ್ಳಗಾಗುತ್ತಿದೆಯೇ? ಕಾರಣ ಇಲ್ಲಿದೆ’ ಎಂದು ಬರೆದು ನೋಡಿ. ಒಂದು ಪುಟದ ಆ ಕೈಪಿಡಿಯಲ್ಲಿ ನಿಜಕ್ಕೂ ಉಪಯೋಗದ ವಿಷಯವಿರಬೇಕು: ಪುಡಿ ತೀರಾ ತರಿಯಾಗಿದ್ದರೆ ನೀರು ಸಾರ ಹಿಡಿಯದೆ ಬೇಗ ಇಳಿದುಹೋಗುತ್ತದೆ, ತೀರಾ ನುಣ್ಣಗಿದ್ದರೆ ಫಿಲ್ಟರಿನ ತೂತು ಕಟ್ಟಿಕೊಳ್ಳುತ್ತದೆ, ಚಿಕೋರಿ ನೀರನ್ನು ಹಿಡಿದಿಟ್ಟು ನಿಧಾನವಾಗಿ ಇಳಿಸುವುದರಿಂದ ಚಿಕೋರಿಯಿಲ್ಲದ ಪುಡಿಗೆ ಬದಲಾದವರು ಪುಡಿಯ ಪ್ರಮಾಣವನ್ನು ತುಸು ಹೆಚ್ಚಿಸಬೇಕಾಗುತ್ತದೆ.

ನಮೂನೆಯಲ್ಲಿ ಹೆಸರು, ಇಮೇಲ್, ಜೊತೆಗೆ ಒಂದೇ ಒಂದು ಪ್ರಶ್ನೆ ಸಾಕು: ಚಿಕೋರಿ ಬೇಕೋ, ಬೇಡವೋ? ಜನ್ಮದಿನಾಂಕ, ಫೋನ್ ನಂಬರ್ ಎಂದು ಪಟ್ಟಿ ಬೆಳೆಸಿದಷ್ಟೂ ಅರ್ಧಕ್ಕೇ ಬಿಟ್ಟುಹೋಗುವವರು ಹೆಚ್ಚು. ಸೇರಿದವರಿಗೆ ಒಂದು ದೃಢೀಕರಣದ ಪತ್ರ ಹೋಗಿ, ಅದರೊಳಗಿನ ಕೊಂಡಿ ಒತ್ತಿದ ಮೇಲೆಯೇ ಹೆಸರು ಪಟ್ಟಿಗೆ ಬರುವಂತೆ ಮಾಡಿ. ಕೆಲವರು ಒತ್ತದೆ ಉಳಿಯುತ್ತಾರೆ, ಉಳಿಯಲಿ. ತಪ್ಪಾಗಿ ಟೈಪಿಸಿದ ವಿಳಾಸಗಳೂ ಬೇರೆಯವರ ವಿಳಾಸಗಳೂ ಆ ಜರಡಿಯಲ್ಲೇ ನಿಲ್ಲುತ್ತವೆ.

ಮೊದಲ ವಾರದ ಮೂರು ಪತ್ರಗಳು

ಸೇರಿದ ಕ್ಷಣದಲ್ಲಿ ನಿಮ್ಮ ನೆನಪು ಅವರಿಗೆ ಹಸಿಯಾಗಿರುತ್ತದೆ. ಆದ್ದರಿಂದ ಮೊದಲ ಪತ್ರ ಕೈಪಿಡಿಯೊಂದಿಗೆ ಕೂಡಲೇ ಹೋಗಬೇಕು. ಅದರಲ್ಲಿ ಮಾರಾಟದ ಮಾತು ಬೇಡ. ಎರಡು ಮೂರು ದಿನ ಬಿಟ್ಟು ಎರಡನೆಯದು: ತೋಟ ಎಲ್ಲಿದೆ, ಅರೇಬಿಕಾ ಎಷ್ಟು ರೋಬಸ್ಟಾ ಎಷ್ಟು ಬೆರೆಸುತ್ತೀರಿ, ವಾರದ ಯಾವ ದಿನ ಹುರಿಯುತ್ತೀರಿ. ಚಿತ್ರ ಒಂದೇ ಇರಲಿ, ಅದೂ ಫೋನಿನಲ್ಲಿ ತೆಗೆದ, ಕಾಫಿ ಒಣಗಿಸುವ ಕಣದ ಚಿತ್ರವೇ ಸಾಕು. ಆರನೇ ದಿನದ ಮೂರನೇ ಪತ್ರದಲ್ಲಿ 100 ಗ್ರಾಂನ ಮಾದರಿ ಪೊಟ್ಟಣವನ್ನು ಮುಂದಿಡಿ. ಅದನ್ನು ಪುಕ್ಕಟೆ ಕೊಡುವುದಕ್ಕಿಂತ ಸಣ್ಣ ಬೆಲೆಯಿಡುವುದು ಮೇಲೆಂಬುದು ನನ್ನ ಅಭಿಪ್ರಾಯ. ಒಮ್ಮೆ ಪಾವತಿ ಮಾಡಿ, ಮನೆ ವಿಳಾಸ ತುಂಬಿದವರಿಗೆ ಎರಡನೇ ಸಲ ಕೊಳ್ಳಲು ಹಿಂಜರಿಕೆ ಇರುವುದಿಲ್ಲ.

ವಿಷಯದ ಸಾಲಿಗೆ ಸ್ವಲ್ಪ ಹೊತ್ತು ಕೊಡಿ. ‘ಭರ್ಜರಿ ಆಫರ್!!! ಇಂದೇ ಖರೀದಿಸಿ’ ಎಂಬುದನ್ನು ಓದುಗರು ತೆರೆಯದೆ ಅಳಿಸುತ್ತಾರೆ. ‘ಗುರುವಾರ ಹುರಿದ ಪೀಬೆರಿ, ಶುಕ್ರವಾರ ಹೊರಡುತ್ತದೆ’ ಎಂಬ ಸಾಲಿನಲ್ಲಿ ಏನು, ಯಾವಾಗ ಎಂಬುದೆಲ್ಲ ಇದೆ (ಪೀಬೆರಿ ಎಂದರೆ ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ). ಮೊಬೈಲ್ ಪರದೆಯಲ್ಲಿ ಸಾಲಿನ ತುದಿ ಕತ್ತರಿಸಿಹೋಗುವುದರಿಂದ ಮುಖ್ಯ ಮಾತು ಮೊದಲೇ ಬರಲಿ.

ಖಾಲಿಯಾಗುವ ದಿನದ ಲೆಕ್ಕ

ಹೊಸಬರು ಕೊಳ್ಳುವುದು ಅರ್ಧ ಕೆಲಸ ಮಾತ್ರ, ಮತ್ತೆ ಮತ್ತೆ ಕೊಂಡರಷ್ಟೇ ವ್ಯಾಪಾರ ನಿಲ್ಲುತ್ತದೆ. ಇಲ್ಲಿ ಕಾಫಿ ಪುಡಿಯವರಿಗೆ ಬಟ್ಟೆ, ಪಾತ್ರೆ ಮಾರುವವರಿಗಿಲ್ಲದ ಒಂದು ಅನುಕೂಲವಿದೆ: ಸರಕು ಮುಗಿಯುವ ದಿನವನ್ನು ಹೆಚ್ಚುಕಡಿಮೆ ಎಣಿಸಬಹುದು. ದಿನಕ್ಕೆ ಸುಮಾರು 20 ಗ್ರಾಂ ಬಳಸುವ ಮನೆಯಲ್ಲಿ 500 ಗ್ರಾಂ ಪೊಟ್ಟಣ 25 ದಿನ ಬರುತ್ತದೆ. ಹುರಿದು ಕಳಿಸಿ ತಲುಪಿಸಲು ನಾಲ್ಕು ದಿನ ಬೇಕೆಂದಾದರೆ ಪತ್ರ ಇಪ್ಪತ್ತನೇ ದಿನ ಹೋಗಬೇಕು. ‘ಡಬ್ಬಿಯಲ್ಲಿ ಇನ್ನೆಷ್ಟಿದೆ?’ ಎಂಬ ವಿಷಯ, ಹಿಂದಿನ ಸಲ ಕೊಂಡ ಅದೇ ಪುಡಿ, ಅದೇ ತೂಕ, ಒತ್ತಿದರೆ ನೇರ ಪಾವತಿಯ ಪುಟ, ಅಷ್ಟೇ. ಹತ್ತನೇ ದಿನ ಕಳಿಸಿದರೆ ಕಿರಿಕಿರಿ, ಮೂವತ್ತನೇ ದಿನ ಕಳಿಸಿದರೆ ಅವರು ಬೀದಿ ಕೊನೆಯ ಅಂಗಡಿಯಿಂದ ಪುಡಿ ತಂದಾಗಿರುತ್ತದೆ. ಖರೀದಿಯ ದಿನದಿಂದ ಎಣಿಸಿ ಪತ್ರವನ್ನು ತಾನಾಗಿ ಕಳಿಸುವ ಆಟೊಮೇಷನ್ ಸೌಲಭ್ಯ ಬಹುತೇಕ ಸೇವೆಗಳಲ್ಲಿದೆ. ಒಬ್ಬೊಬ್ಬರ ಎರಡನೇ, ಮೂರನೇ ಆರ್ಡರುಗಳ ನಡುವಿನ ಅಂತರ ನೋಡಿ ದಿನವನ್ನು ಹಿಂದೆಮುಂದೆ ಮಾಡಿಕೊಳ್ಳಿ. ಪುಡಿಯ ಪರಿಮಳ ದಿನಕಳೆದಂತೆ ಇಳಿಯುವುದರಿಂದ, ದೊಡ್ಡ ಪೊಟ್ಟಣ ಕೊಳ್ಳಿರೆಂದು ಒತ್ತಾಯಿಸುವ ಆಸೆಯನ್ನು ಹತ್ತಿಕ್ಕುವುದೂ ಇದೇ ಲೆಕ್ಕದ ಭಾಗ.

ಎಷ್ಟು ಜನ ಪತ್ರ ತೆರೆದರು ಎಂಬ ಅಂಕಿಯನ್ನು ನಂಬಿ ಕೂರಬೇಡಿ. ಪತ್ರದೊಳಗೆ ಅಡಗಿಸಿದ ಸಣ್ಣ ಚಿತ್ರ ಇಳಿದಾಗ ಪತ್ರ ತೆರೆದಂತೆ ಎಣಿಸುತ್ತಾರೆ. 2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ತಂದ ಖಾಸಗಿತನದ ಸೌಲಭ್ಯ ಪತ್ರದ ಚಿತ್ರಗಳನ್ನು ತಾನೇ ಮೊದಲು ಇಳಿಸಿಕೊಳ್ಳುವುದರಿಂದ, ಓದದವರೂ ತೆರೆದಂತೆ ದಾಖಲಾಗುತ್ತಾರೆ. ಕೊಂಡಿ ಒತ್ತಿದವರು, ಉತ್ತರ ಬರೆದವರು, ಹಣ ಕಟ್ಟಿದವರು ಎಷ್ಟೆಂದು ನೋಡಿ. ಉತ್ತರಗಳನ್ನಂತೂ ಒಂದೂ ಬಿಡದೆ ಓದಿ. ‘ಈ ಸಲದ್ದು ಕಹಿ ಜಾಸ್ತಿ’ ಎಂದು ಬರೆದ ಗಿರಾಕಿಗೆ ಅಂದೇ ಮರುಪತ್ರ ಬರೆದರೆ ಅವರು ಉಳಿಯುತ್ತಾರೆ.

ಕೊನೆಗೆ ವರ್ಷಕ್ಕೆರಡು ಸಲ ಪಟ್ಟಿ ಗುಡಿಸಬೇಕು. ಆರು ತಿಂಗಳಿಂದ ಏನನ್ನೂ ಒತ್ತದ, ಏನನ್ನೂ ಕೊಳ್ಳದ ಹೆಸರುಗಳನ್ನು ಬೇರೆ ತೆಗೆದು, ‘ಇನ್ನೂ ಪತ್ರ ಬೇಕೇ?’ ಎಂದು ಒಂದೇ ಸಲ ಕೇಳಿ. ಹತ್ತು ದಿನದಲ್ಲಿ ಉತ್ತರವಿಲ್ಲದಿದ್ದರೆ ಅಳಿಸಿಬಿಡಿ. ನವೆಂಬರ್ ಸುಮಾರಿಗೆ ಅರೇಬಿಕಾ ಕೊಯ್ಲು ಶುರುವಾಗುವ ಮುಂಚೆ ಒಮ್ಮೆ ಈ ಕೆಲಸ ಮುಗಿದಿದ್ದರೆ, ಹೊಸ ಬೆಳೆಯ ಸುದ್ದಿ ಅದನ್ನು ಕಾಯುತ್ತಿರುವವರಿಗೆ ಮಾತ್ರ ಹೋಗುತ್ತದೆ.