ಎರಡೇ ರೌಂಡಿನ ಬಂದೂಕು: ನನ್ನ ಅನುಭವ

"ಕಾಕಾ, ಎರಡು ರೌಂಡ್ ಮುಗದ ಮ್ಯಾಲ ನಿಮ್ಮ ಬಂದೂಕು ಬಡಿಗಿ ಆಗ್ತದ ನೋಡ್ರಿ." ನಾನು ದುಡ್ಡು ಸಾಗಿಸುವ ಕ್ಯಾಶ್ ವ್ಯಾನಿನ ಬಂದೂಕಿನ ಕಾವಲುಗಾರ; ಜೊತೆಯ ಹುಡುಗರು ಇದನ್ನು ಎಷ್ಟು ಸಲ ಹೇಳಿದ್ದಾರೋ! ಅವರ ಕಣ್ಣೆಲ್ಲ ಐದು ರೌಂಡಿನ ಪಂಪ್ ಆಕ್ಷನ್ ಮೇಲೆ, ಅಂದರೆ ನಳಿಗೆ ಕೆಳಗಿನ ಹಿಡಿ ಹಿಂದೆ ಮುಂದೆ ಎಳೆದು ಮುಂದಿನ ಗುಂಡು ಏರಿಸುವ ಬಂದೂಕು. ನನ್ನದು ಹಳೇ ಡಬಲ್ ಬ್ಯಾರಲ್, 12 ಬೋರ್; ಎರಡು ನಳಿಗೆ, ಒಂದೊಂದಕ್ಕೆ ಒಂದೇ ಕಾರ್ತೂಸು. ಕಲಬುರಗಿ, ಶಹಾಬಾದ್, ಚಿತ್ತಾಪುರ, ಯಾದಗಿರಿ, ಎಂಟೊಂಬತ್ತು ವರ್ಷದಿಂದ ಅದರ ಜೊತೆಗೇ ತಿರುಗಾಟ.

ಪಂಪ್ ಕೊಳ್ಳೋಣ ಅಂತ ನಾನೂ ವಿಚಾರಿಸಿದ್ದೆ. ಒಂದೂಕಾಲು ಲಕ್ಷದ ಹತ್ತಿರ ಹೇಳಿದರು. ಆಗ ನನ್ನ ಪಗಾರ ಹದಿನಾಲ್ಕು ಸಾವಿರ. ಆಸೆ ಅಲ್ಲಿಗೇ ಮುಗೀತು.

ಇದ್ದುದನ್ನೇ ಬೇಗ ತುಂಬೋದು ಕಲಿಯೋಣ ಅಂತ ಮೊದಲ ಸಲ ಮೊಬೈಲಿನಲ್ಲಿ ಟೈಮ್ ಹಿಡಿದೆ. ಎರಡು ಹೊಡೆದು, ಎರಡು ತುಂಬಿ, ಮತ್ತೆರಡು ಹೊಡೆಯಲು ಸುಮಾರು ಹದಿನೈದು ಸೆಕೆಂಡು. ನನ್ನದಕ್ಕೆ ಖಾಲಿಯನ್ನು ತಾನೇ ಹೊರಗೆ ಚಿಮ್ಮಿಸುವ ಎಜೆಕ್ಟರ್ ಇಲ್ಲ. ಖಾಲಿ ಕಾರ್ತೂಸನ್ನು ಉಗುರಿನಲ್ಲಿ ಕೀಳಬೇಕು. ಅಷ್ಟರಲ್ಲಿ ಎದುರಿನವನು ಬಂದು ಬಂದೂಕನ್ನೇ ಕಿತ್ತುಕೊಳ್ಳುತ್ತಾನೆ, ಅಲ್ವಾ?

ಆರುನೂರು ಕೊಟ್ಟು ಕಾರ್ತೂಸು ಸಿಕ್ಕಿಸುವ ಚರ್ಮದ ಬೆಲ್ಟ್ ತಂದೆ. ಬೆವರು ಕುಡಿದು, ಬಿಸಿಲಿಗೆ ಒಣಗಿ, ಮೇ ತಿಂಗಳಲ್ಲಿ ಕಾರ್ತೂಸನ್ನು ಬಿಡಲೇ ಇಲ್ಲ. ಆರುನೂರು ನೀರಿಗೆ. ಆಮೇಲೆ ಕಾರ್ತೂಸು ಜೇಬಿನಲ್ಲಿಟ್ಟೆ. ಒಂದು ದಿನ ಅವಸರದಲ್ಲಿ ತೆಗೆದರೆ ಕೈಗೆ ಬಂದದ್ದು ಸುಣ್ಣದ ಡಬ್ಬಿ! ಹಳೇ ಕಾಗದದ ಕಾರ್ತೂಸು ಮುಗಿಸೋಣ ಅಂದರೆ ಮಳೆಗಾಲಕ್ಕೆ ಉಬ್ಬಿ ನಳಿಗೆಗೆ ಇಳಿಯಲಿಲ್ಲ.

ಕೊನೆಗೆ ಕೈಹಿಡಿದದ್ದು ಎಡಗೈಯ ಬೆರಳುಗಳೇ. ಎರಡು ರೌಂಡು ಬೆರಳ ಸಂದಿಯಲ್ಲಿ ಮೊದಲೇ ಕೂತಿರುತ್ತವೆ. ತುಂಬಲು ಬಂದೂಕನ್ನು ನಡುವೆ ಮಡಚಿ ತೆರೆದಾಗ ನಳಿಗೆಯ ಬಾಯಿ ಮೇಲಕ್ಕೆ, ಒಂದು ಜಾಡಿಸು, ಖಾಲಿ ತಾನೇ ಬೀಳುತ್ತದೆ. ಐದನೆಯದು, ಆರನೆಯದು ಎಲ್ಲಿಡುತ್ತೇನೆ ಅಂತ ಮಾತ್ರ ಕೇಳಬೇಡಿ.

ನಿಜ ಕಾರ್ತೂಸು ಒಂದಕ್ಕೆ ನೂರರ ಮೇಲೆ, ಲೈಸೆನ್ಸಿನಲ್ಲಿ ಮಿತಿ ಬೇರೆ. ಹಾಗಾಗಿ ಅಭ್ಯಾಸಕ್ಕೆ ಖಾಲಿಗಳ ತಳದ ಕ್ಯಾಪ್ (ಕುದುರೆ ಬಡಿದಾಗ ಕಿಡಿ ಹೊತ್ತಿಸುವ ಭಾಗ) ತೆಗೆದು ಅಲ್ಲಿ ಪೆನ್ಸಿಲ್ ರಬ್ಬರ್ ತುರುಕಿದೆ. ದಿನಾ ರಾತ್ರಿ ಇಪ್ಪತ್ತು ಸಲ. ಮನೆಯವಳು "ಟಕಾಟಕಿ ಸಾಕ್ ಮಾಡ್ರಿ" ಅಂತ ಬೈದಳು.

ಹೋದ ವರ್ಷದ ಫೈರಿಂಗ್‌ನಲ್ಲಿ ನಾಲ್ಕು ಟಾರ್ಗೆಟ್, ಏಳು ಸೆಕೆಂಡು, ನಾಲ್ಕೂ ಬಿದ್ದವು. ಪಂಪ್ ಹುಡುಗ ಎರಡನೆಯದಕ್ಕೇ ಅರ್ಧ ಎಳೆದು ಜಾಮ್ ಮಾಡಿಕೊಂಡ.

ಮೂರು ಜನ ಒಟ್ಟಿಗೆ ಬಂದರೆ ಐದು ರೌಂಡೇ ವಾಸಿ, ಸುಳ್ಳು ಹೇಳಲ್ಲ. ಆದರೆ ಸೂಪರ್ ಮಾರ್ಕೆಟಿನ ಗದ್ದಲದಲ್ಲಿ ಹೊಡೆದ ಪ್ರತಿ ಗುಂಡಿಗೂ ಲೆಕ್ಕ ಕೊಡಬೇಕು. ಭಾರತೀಯ ನ್ಯಾಯ ಸಂಹಿತೆಯ 37ನೇ ಕಲಂ ಪ್ರಕಾರ ಆತ್ಮರಕ್ಷಣೆಯಲ್ಲೂ ಬೇಕಾದ್ದಕ್ಕಿಂತ ಜಾಸ್ತಿ ಹಾನಿ ಮಾಡುವಂತಿಲ್ಲ. ಕೈ ನಡುಗಿ ಐದು ಬಿಡುವುದಕ್ಕಿಂತ ನೋಡಿ ಎರಡು ಬಿಡುವುದೇ ನನಗೆ ಸರಿ.

ಆ ಫೈರಿಂಗ್‌ನ ಮರುದಿನ ಅದೇ ಪಂಪ್ ಹುಡುಗ ಬಂದ. "ಕಾಕಾ, ಆ ರಬ್ಬರಿನವು ಎರಡು ಕೊಡ್ರಿ." ಕೊಟ್ಟೆ. ಇನ್ನೂ ವಾಪಸ್ ಬಂದಿಲ್ಲ.